ಗಂಬೂಟ್ ತಂಡದ ಗಂಟಲು

ಸಿಯಾಟಲ್
ಜನವರಿ 14, 1991

ಅಮ್ಮಾ,

ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟದಲ್ಲಿ, ಹೀಗೆ ಕಿರುಚಿದರೆ ಗಂಟಲು ಹೋಗುತ್ತದೆ ಎಂದು ನೀನು ಅಂದದ್ದಕ್ಕೆ, ಕುಂಬಳಕಾಯಿ ಪೈ ಮುಟ್ಟದೆ ಎದ್ದು ಬಂದವಳು ನಾನೇ. ಆಮೇಲೆ ಫೋನ್ ಮಾಡದೆ ಕೂತವಳೂ ನಾನೇ. ಅದು ಕೋಪಕ್ಕೆ. ಈಗ ಮಾಡದಿರುವುದಕ್ಕೆ ಕಾರಣ ಬೇರೆ. ಹೋದ ಭಾನುವಾರ ನೀನು ಫೋನ್ ಮಾಡಿದಾಗ ಗ್ಲೆನ್ "ಡಾರ್ಸಿ ಸ್ನಾನಕ್ಕೆ ಹೋಗಿದಾಳೆ" ಅಂದನಲ್ಲ, ಆಗ ನಾನು ಅವನ ಪಕ್ಕದಲ್ಲೇ ಕೂತಿದ್ದೆ. ನನಗೆ ದನಿಯೇ ಇಲ್ಲ.

ಶೀತವಾಗಿ ಗಂಟಲು ಕಟ್ಟಿದ್ದಲ್ಲ. ನಮ್ಮ ಗಂಬೂಟ್ ಬ್ಯಾಂಡಿನ ಆಲ್ಬಮ್ಮಿನ ಕೆಲಸ ನಡೆಯುತ್ತಿದೆ ಅಂತ ಹೇಳಿದ್ದೆ. ಟೈರ್ ಅಂಗಡಿಯ ಹಿಂದೆ ಸ್ಟ್ಯಾನ್ ಎಂಬವನ ಸ್ಟುಡಿಯೋ ಇದೆ. ಬೆಳಿಗ್ಗೆ ಹೊತ್ತು ಅಲ್ಲಿ ಅಗ್ಗ, ಏಕೆಂದರೆ ಈ ಊರಿನಲ್ಲಿ ಯಾವ ಬ್ಯಾಂಡಿನವರೂ ಬೆಳಿಗ್ಗೆ ಏಳುವುದಿಲ್ಲ. ನಾವು ಮೂವರೂ ಕಣ್ಣುಜ್ಜಿಕೊಂಡು ಹೋಗುತ್ತೇವೆ. ಟೋಬಿಯ ಡ್ರಮ್ಮು, ಗ್ಲೆನ್‌ನ ಬೇಸ್ ಗಿಟಾರು, ನನ್ನ ಗಿಟಾರು ಎಲ್ಲ ಕ್ರಿಸ್ಮಸ್ಸಿಗೆ ಮೊದಲೇ ಟೇಪಿಗೆ ಹೋಯಿತು. ಉಳಿದದ್ದು ನನ್ನ ಹಾಡುಗಾರಿಕೆ ಒಂದೇ. ನಾಲ್ಕನೆಯ ಹಾಡಿನ ಕೊನೆಯಲ್ಲಿ ಒಂದು ದೊಡ್ಡ ಕಿರುಚು ಇದೆ. ಅದನ್ನು ಮತ್ತೆ ಮತ್ತೆ ಕಿರುಚಿದೆ. ಕಡೆಯ ಸಲ ಬಾಯಿ ತೆರೆದರೆ ಬರೀ ಗಾಳಿ. ಸ್ಟ್ಯಾನ್ ಗಾಜಿನಾಚೆಯಿಂದ "ಚೆನ್ನಾಗಿದೆ, ಹಾಗೇ ಇಟ್ಕೊಳ್ಳೋಣ" ಅಂದ. ನಾನು ಅಳುತ್ತಿರುವುದು ಅವನಿಗೆ ಆಮೇಲೆ ಕಂಡಿತು.

ಡಾಕ್ಟರು ಗಂಟಲಿಗೆ ಕನ್ನಡಿ ಇಳಿಸಿ ನೋಡಿದರು. ದನಿ ಹೊರಡುವ ತಂತುಗಳ ಮೇಲೆ ಆಚೆಗೊಂದು ಈಚೆಗೊಂದು ಗಂಟು ಬಂದಿದೆಯಂತೆ, ಕಾಲಲ್ಲಿ ಆಣಿ ಬಂದ ಹಾಗೆ. ಮೂರು ವಾರ ಮಾತಾಡಬಾರದು. ಪಿಸುಗುಟ್ಟುವುದಂತೂ ಕೂಡದೇ ಕೂಡದು. ಕರಗದಿದ್ದರೆ ಕತ್ತರಿಸಬೇಕು. ಕತ್ತರಿಸಿದ ಮೇಲೆ ಮೊದಲಿನ ದನಿಯೇ ಬರುತ್ತದೆ ಎಂದು ಯಾರೂ ಮಾತು ಕೊಡುವುದಿಲ್ಲ. ಆಲ್ಬಮ್ಮು ಹೊರತರುವ ಕಂಪನಿ ಚಿಕ್ಕದು, ಜನ ಒಳ್ಳೆಯವರು. ಆದರೂ ಏಪ್ರಿಲ್ ಮುಗಿಯುವುದರೊಳಗೆ ಟೇಪು ಕೈಗೆ ಬರದಿದ್ದರೆ ನಮ್ಮ ಜಾಗಕ್ಕೆ ಇನ್ನೊಂದು ಬ್ಯಾಂಡನ್ನು ಹಾಕುತ್ತಾರೆ.

ಅಪ್ಪನಿಗೆ ಹೇಳಬೇಡ. ಹೇಳಿದರೂ ಅವನಿಗೆ ಕೇಳಿಸುವಷ್ಟು ಜೋರಾಗಿ ಹೇಳಬೇಡ, ಬೀದಿಗೆಲ್ಲ ಗೊತ್ತಾಗುತ್ತದೆ.

ಹೆದರಿಕೆಯಾಗಿದೆ ಅಮ್ಮ. ಈ ಮಾತನ್ನು ಇಲ್ಲಿ ಯಾರಿಗೂ ಚೀಟಿಯಲ್ಲಿ ಬರೆದು ತೋರಿಸಲು ಆಗುವುದಿಲ್ಲ.

ನಿನ್ನ,
ಡಾರ್ಸಿ


ಸೌತ್ ಬೆಂಡ್
ಜನವರಿ 18

ಡಾರ್ಸಿ,

"ನಾನು ಆವತ್ತೇ ಹೇಳಿರಲಿಲ್ಲವೇ" ಎಂದು ಬರೆಯಬಾರದೆಂದು ಕೂತಿದ್ದೇನೆ. ಅದೊಂದನ್ನು ಬರೆಯದಿರಲು ಮೂರು ಹಾಳೆ ಹರಿದು ಹಾಕಿದೆ. ಇದು ನಾಲ್ಕನೆಯದು.

ನಿನ್ನ ಫೋನ್ ಬರದಿದ್ದಾಗ ನಾನು ಏನೇನು ಅಂದುಕೊಂಡೆ ಎನ್ನುವುದು ಈಗ ಬೇಡ. ಸಿಯಾಟಲ್‌ನಲ್ಲಿ ಹಾಡುವ ಹುಡುಗರ ವಿಷಯ ಪೇಪರಿನಲ್ಲಿ ಏನು ಬರುತ್ತದೆ ಎಂದು ನಿನಗೂ ಗೊತ್ತು. ಸೂಜಿ, ಪುಡಿ, ಆಮೇಲೆ ಸತ್ತ ಸುದ್ದಿಯ ಜೊತೆ ಒಂದು ಫೋಟೋ. ನಿನ್ನ ಕಾಗದ ಓದಿ, ಬರೀ ಗಂಟಲು ತಾನೇ ಎಂದು ಕುರ್ಚಿಯಲ್ಲಿ ಕುಸಿದು ಕೂತೆ. ಬರೀ ಅಲ್ಲ ಎಂದು ಸ್ವಲ್ಪ ಹೊತ್ತಾದ ಮೇಲೆ ಹೊಳೆಯಿತು.

ನಿಮ್ಮಪ್ಪನಿಗೆ ಹೇಳಿದೆ. ಹೇಳಿದ್ದು ಬೀದಿಗೆ ಕೇಳಿಸಿತು. ಮರದ ಮಿಲ್ಲಿನ ಗರಗಸ ಇವನ ಕಿವಿ ತಿಂದಿದ್ದಕ್ಕೆ ನಾನೇನು ಮಾಡಲಿ? ಎದುರುಮನೆಯ ಓಪಲ್ ಬೆಳಿಗ್ಗೆ ಕೆಲಸದಲ್ಲಿ ಕಡಲ ಸಿಂಪಿಯ ಚಿಪ್ಪು ತೆರೆದು ಮಾಂಸ ಬಿಡಿಸುತ್ತಾ, "ವರ್ನಾ, ಡಾರ್ಸಿಗೆ ಬೆಚ್ಚಗಿನ ನೀರಿಗೆ ಉಪ್ಪು ಹಾಕಿ ಮುಕ್ಕಳಿಸೋಕೆ ಹೇಳು" ಅಂದಳು. ಹಾಗಾಗಿ ಹೇಳುತ್ತಿದ್ದೇನೆ. ಮುಕ್ಕಳಿಸು.

ಓಪಲ್ ಇನ್ನೊಂದು ಮಾತೂ ಹೇಳಿದಳು. ಅವಳ ಅತ್ತಿಗೆ ಹಿಂದೆ ಬ್ಯಾಲರ್ಡಿನಲ್ಲಿ ಚರ್ಚಿನ ಹಾಡುಗಾರರ ತಂಡದಲ್ಲಿದ್ದಳಂತೆ. ಅಲ್ಲಿ ಮಿಸೆಸ್ ನೆಸ್ ಎಂಬ ಹೆಂಗಸು ದನಿ ಕಲಿಸುತ್ತಾಳೆ. ಕೆಟ್ಟ ಗಂಟಲುಗಳನ್ನು ದಾರಿಗೆ ತಂದವಳಂತೆ. ನಿನ್ನ ಮನೆಗೆ ದೂರವೇನಲ್ಲ. ಯೋಚನೆ ಮಾಡು.

ಏಲಕ್ಕಿ ಹಾಕಿದ ಪುಲ್ಲಾ ಬ್ರೆಡ್ಡು ಕಳಿಸುತ್ತಿದ್ದೇನೆ. ಗ್ಲೆನ್ ಮೊರಿಟಾಗೂ ಕೊಡು. ಆ ಹುಡುಗನಿಗೆ ಸುಳ್ಳು ಹೇಳಲು ಬರುವುದಿಲ್ಲ. ಗಂಟೆ ಬಿಟ್ಟು ಮತ್ತೆ ಮಾಡಿದಾಗಲೂ ಸ್ನಾನವೇ ಅಂದ, ಯಾರು ತಾನೇ ಅಷ್ಟು ಹೊತ್ತು ಸ್ನಾನ ಮಾಡುತ್ತಾರೆ?

ಅಮ್ಮ


ಸಿಯಾಟಲ್
ಜನವರಿ 27

ಅಮ್ಮಾ,

ಬ್ರೆಡ್ಡು ಬಂತು. ಟೋಬಿ ಅರ್ಧ ತಿಂದ. ಉಪ್ಪುನೀರು ಮುಕ್ಕಳಿಸುತ್ತಿದ್ದೇನೆ.

ಮಿಸೆಸ್ ನೆಸ್ ವಿಷಯ ಇನ್ನು ಎತ್ತಬೇಡ. ನಿನಗೆ ಇಲ್ಲಿಯದು ಅರ್ಥವಾಗುವುದಿಲ್ಲ. ನಾವು ಕಲಿತವರಲ್ಲ, ಕಲಿತವರ ಹಾಗೆ ಕೇಳಿಸಲೂಬಾರದು. ನಮ್ಮ ಹಾಡು ಕೇಳಲು ಬರುವವರು ಬರುವುದೇ ಅದಕ್ಕೆ. ಹೊಳೆಯುವ ಬಟ್ಟೆ ಹಾಕಿಕೊಂಡು ಗಿಟಾರಿನ ಮೇಲೆ ಬೆರಳು ಕುಣಿಸುವವರನ್ನು ಅವರು ಟೀವಿಯಲ್ಲಿ ಬೇಕಾದಷ್ಟು ನೋಡಿದ್ದಾರೆ. ಹೋದ ವರ್ಷ ಇಲ್ಲಿಯದೇ ಬ್ಯಾಂಡಿನ ಗಿಟಾರಿನವನೊಬ್ಬನ ಚೀಲದಲ್ಲಿ ಸ್ವರಾಭ್ಯಾಸದ ಪುಸ್ತಕ ಸಿಕ್ಕಿತು. ಎಲ್ಲರೂ ಅವನನ್ನು "ಮೇಷ್ಟ್ರೇ, ಮೇಷ್ಟ್ರೇ" ಅಂತ ಕರೆದೂ ಕರೆದೂ, ಪಾಪ, ಊರು ಬಿಟ್ಟು ಪೋರ್ಟ್‌ಲ್ಯಾಂಡಿಗೆ ಹೋದ. ಅವನನ್ನು ಹಾಗೆ ಕರೆದವರಲ್ಲಿ ನಾನೂ ಇದ್ದೆ.

ನಾನು ಚರ್ಚಿನ ಟೀಚರಮ್ಮನ ಹತ್ತಿರ ಆ ಆ ಆ ಅಂತ ಕೂತಿದ್ದು ಗ್ಲೆನ್‌ಗೋ ಟೋಬಿಗೋ ಗೊತ್ತಾದರೆ ಬ್ಯಾಂಡ್ ಅಲ್ಲಿಗೆ ಮುಗಿಯಿತು. ದನಿ ತಾನಾಗಿ ಬರುತ್ತದೆ. ಬರಬೇಕು.

ಡಾರ್ಸಿ


ಸೌತ್ ಬೆಂಡ್
ಫೆಬ್ರವರಿ 1

ಡಾರ್ಸಿ,

ಮಿಸೆಸ್ ನೆಸ್‌ಗೆ ನಾನೇ ಕಾಗದ ಬರೆದೆ. ಬೈಯುವುದಿದ್ದರೆ ಬೈದು ಮುಗಿಸು. ಹೇಗೂ ಮನಸ್ಸಿನಲ್ಲೇ ಬೈಯಬೇಕು.

ಸಿಂಪಿ ಬಿಡಿಸಲು ನಾನು ಸೇರಿದ ಮೊದಲ ವಾರ ಮೂರು ಕಡೆ ಕೈ ಸೀಳಿಕೊಂಡೆ. ಚಾಕು ಹೇಗೆ ಹಿಡಿಯಬೇಕೆಂದು ಪಕ್ಕದವಳನ್ನು ಕೇಳಿದೆ, ಅವಳು ತೋರಿಸಿದಳು. ಯಾರೂ ನನ್ನನ್ನು ಮೇಷ್ಟ್ರು ಅನ್ನಲಿಲ್ಲ. ನಿಮ್ಮ ಊರಿನ ರೀತಿ ನನಗೆ ನಿಜಕ್ಕೂ ಅರ್ಥವಾಗುವುದಿಲ್ಲ ಮಗಳೇ. ಕೈ ಸೀಳಿಕೊಂಡೇ ಇರಬೇಕು, ಅದೇ ಚಂದ ಅನ್ನುತ್ತೀರಿ.

ನಿನ್ನ ಹಾಡು ನನಗೆ ಇಷ್ಟವಿಲ್ಲ ಎಂದು ನಿನಗೆ ಗೊತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಿನ್ನ ದನಿ ನನಗೆ ಬೇಕು. ಈ ಮನೆಯಲ್ಲಿ ನಾನು ಹೇಳಿದ್ದು ಒಬ್ಬನಿಗೆ ಕೇಳಿಸುವುದಿಲ್ಲ. ಅವನು ಹೇಳುವುದು ದಿನಕ್ಕೆ ನಾಲ್ಕು ಮಾತು. ಭಾನುವಾರ ನೀನು ಫೋನಿನಲ್ಲಿ ಜಗಳ ಆಡಿದರೂ ನನಗೆ ವಾರವಿಡೀ ಸಾಕಾಗುತ್ತಿತ್ತು. ಥ್ಯಾಂಕ್ಸ್‌ಗಿವಿಂಗ್ ಆದಮೇಲೆ ಅದೂ ಇಲ್ಲ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ. ಚರ್ಚಿನ ನೆಲಮಾಳಿಗೆ, ಹಿಂಬಾಗಿಲಿನಿಂದ ಹೋಗಬೇಕಂತೆ. ನೀನು ಹೋಗದಿದ್ದರೆ ನಾನೇ ಬಸ್ಸು ಹತ್ತಿ ಬಂದು ಆ ಆ ಆ ಅಂತ ಕೂರುತ್ತೇನೆ, ನಿನ್ನ ಹೆಸರು ಹೇಳಿಕೊಂಡು.

ಅಮ್ಮ


ಸಿಯಾಟಲ್
ಫೆಬ್ರವರಿ 23

ಅಮ್ಮಾ,

ಹೋದೆ.

ಮೊದಲು ಡಾಕ್ಟರ ಮಾತು: ಗಂಟುಗಳು ಅರ್ಧ ಕರಗಿವೆ. ಸಣ್ಣಗೆ ಮಾತಾಡಬಹುದು. ಆದರೆ ಹಿಂದಿನ ಹಾಗೆ ಕಿರುಚಿದರೆ ವಾರದೊಳಗೆ ಮತ್ತೆ ಹಾಜರಾಗುತ್ತವೆಯಂತೆ, ಆಗ ಚಾಕುವೇ ಗತಿ. ಕಿರುಚದೆ ಈ ಹಾಡುಗಳನ್ನು ಹಾಡಲಾಗುವುದಿಲ್ಲ. ಕಿರುಚಿದರೆ ಇನ್ನೆಂದೂ ಹಾಡಲಾಗುವುದಿಲ್ಲ. ಅದಕ್ಕೇ ಹೋದೆ, ನೀನು ಬಂದು ಕೂರುತ್ತೀ ಅಂತ ಹೆದರಿ ಅಲ್ಲ. ಸ್ವಲ್ಪ ಅದಕ್ಕೂ ಹೌದು.

ಮಿಸೆಸ್ ನೆಸ್‌ಗೆ ಎಪ್ಪತ್ತು ದಾಟಿದೆ. ಉಣ್ಣೆಯ ಸ್ವೆಟರು, ಕೈಯಲ್ಲಿ ಸದಾ ಕಾಫಿ. "ಏನ್ ಹಾಡ್ತೀಯ?" ಅಂದಳು. ನಮ್ಮ ಕ್ಯಾಸೆಟ್ಟು ಹಾಕಿದೆ. ಕಣ್ಣು ಮುಚ್ಚಿ ಮೂರು ಹಾಡು ಪೂರ್ತಿ ಕೇಳಿದಳು. ಈಗ ಹೊರಗೆ ಹಾಕುತ್ತಾಳೆ ಅಂದುಕೊಂಡೆ. ಅವಳು ಕಾಫಿ ಬದಿಗಿಟ್ಟು, "ಸಿಟ್ಟೆಲ್ಲ ಗಂಟಲಲ್ಲೇ ಇಟ್ಕೊಂಡಿದೀಯಲ್ಲೇ ಹುಡುಗಿ. ಹೊಟ್ಟೆ ಸುಮ್ನೆ ಕೂತಿದೆ, ಅದಕ್ಕೂ ಸ್ವಲ್ಪ ಕೆಲ್ಸ ಕೊಡು" ಅಂದಳು. ಕಿರುಚಬೇಡ ಅನ್ನಲೇ ಇಲ್ಲ.

ಈಗ ನೆಲಮಾಳಿಗೆಯ ತಣ್ಣನೆ ನೆಲದ ಮೇಲೆ ಅಂಗಾತ ಮಲಗಿ, ಹೊಟ್ಟೆಯ ಮೇಲೆ ದಪ್ಪನೆಯ ಭಜನೆ ಪುಸ್ತಕ ಇಟ್ಟುಕೊಂಡು ಉಸಿರು ಬಿಡುತ್ತೇನೆ. ಪುಸ್ತಕ ಏರಬೇಕು, ಇಳಿಯಬೇಕು. ಆಮೇಲೆ ಮುಚ್ಚಿದ ಬಾಯಲ್ಲಿ ಹಸುವಿನ ಹಾಗೆ ಮ್ ಅನ್ನಬೇಕು. ಆಮೇಲೆ ನಾಯಿಯ ಹಾಗೆ ತೇಕಬೇಕು. ನಮ್ಮ ಹಾಡು ಕೇಳಲು ಬರುವ ಜನ ಇದನ್ನು ನೋಡಿದರೆ ಅಲ್ಲೇ ಬಿದ್ದು ನಗುತ್ತಾರೆ.

ಹುಡುಗರಿಗೆ ಏನು ಹೇಳಿದ್ದೇನೆ ಗೊತ್ತೇ? ಮಂಗಳವಾರ, ಶುಕ್ರವಾರ ಲಾಂಡ್ರಿಯೊಂದರಲ್ಲಿ ಕೆಲಸ ಸಿಕ್ಕಿದೆ ಅಂತ. ಅದು ಕುತ್ತಿಗೆಗೆ ಬಂದಿದೆ. ಟೋಬಿ ವಾರದ ಬಟ್ಟೆಯನ್ನೆಲ್ಲ ಗಂಟು ಕಟ್ಟಿ ತಂದು, "ಹೇಗೂ ಅಲ್ಲೇ ಇರ್ತೀಯಲ್ಲ, ಇದನ್ನೂ ಹಾಕ್ಬಿಡು" ಅಂದ. ಪಾಠ ಮುಗಿಸಿ ಅವನ ಬಟ್ಟೆ ಒಗೆಸಲು ಇನ್ನೊಂದು ಬಸ್ಸು ಹತ್ತುತ್ತಿದ್ದೇನೆ. ಅವನ ಕಾಲುಚೀಲದ ಬಗ್ಗೆ ಬರೆಯುವುದಿಲ್ಲ, ನೀನು ಊಟದ ಹೊತ್ತಿಗೆ ಓದುತ್ತಿರಬಹುದು.

ದನಿ ಇನ್ನೂ ಬಿರುಕು ಬಿರುಕಾಗಿದೆ. ಏಪ್ರಿಲ್ ಹತ್ತಿರ ಬರುತ್ತಿದೆ.

ನಿನ್ನ,
ಡಾರ್ಸಿ


ಸೌತ್ ಬೆಂಡ್
ಮಾರ್ಚ್ 5

ಡಾರ್ಸಿ,

ಕಾಲುಚೀಲಕ್ಕೆ ನೀರಿನ ಜೊತೆ ಸ್ವಲ್ಪ ವಿನಿಗರ್ ಹಾಕು. ಸಿಂಪಿಯ ವಾಸನೆಯೇ ಹೋಗುತ್ತದೆ, ಅದು ಯಾವ ಲೆಕ್ಕ.

ನೀನು ನೆಲದ ಮೇಲೆ ಮಲಗಿ ಹಸುವಿನ ಹಾಗೆ ಮ್ ಅನ್ನುವುದನ್ನು ಓಪಲ್‌ಗೆ ಹೇಳಿದೆ. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಮೇಲೆ ನನಗೆ ನಗು ನಿಂತು ಬರೀ ನೀರು ಉಳಿಯಿತು. ಸಿಂಪಿಯ ಚಿಪ್ಪು ಕಣ್ಣಿಗೆ ಸಿಡಿಯಿತು ಅಂದೆ. ಅವಳು ನಂಬಿದ ಹಾಗೆ ಮಾಡಿದಳು.

ನಿಮ್ಮಪ್ಪನಿಗೆ ಪೆನ್ನು ಕೊಡುತ್ತಿದ್ದೇನೆ. ಬೇಡ ಬೇಡ ಅನ್ನುತ್ತಾ ಪಕ್ಕದಲ್ಲೇ ಕಾಯುತ್ತಿದ್ದಾನೆ.

ಅಮ್ಮ

ಮಗಳೇ, ನಾನು ಅರ್ಧ ಕಿವುಡ, ನೀನು ಅರ್ಧ ಮೂಕಿ. ನಿನ್ನಮ್ಮನಿಗೆ ಹಬ್ಬ. ಬೇಗ ಗುಣವಾಗು. ನನ್ನ ಪರವಾಗಿ ಮಾತಾಡುವವರು ಇಲ್ಲಿ ಯಾರೂ ಇಲ್ಲ. — ಅಪ್ಪ


ಸಿಯಾಟಲ್
ಏಪ್ರಿಲ್ 10

ಅಮ್ಮಾ,

ಇದನ್ನು ಕೂತು ಓದು.

ನಿನ್ನೆ ಮಂಗಳವಾರ. ಬಸ್ಸಿನ ವೇಳೆ ಬದಲಾಗಿ ನಾನು ಚರ್ಚಿಗೆ ತುಂಬಾ ಮುಂಚೆ ಹೋದೆ. ಆ ನೆಲಮಾಳಿಗೆಯ ಕೋಣೆಗಳನ್ನು ಸಂಗೀತದ ಮೇಷ್ಟ್ರುಗಳಿಗೆ ಗಂಟೆಯ ಬಾಡಿಗೆಗೆ ಕೊಡುತ್ತಾರೆ. ಪಕ್ಕದ ಕೋಣೆಯಿಂದ ಡ್ರಮ್ಮು ಕೇಳಿಸಿತು, ಟಕ್ಕಟ ಟಕ್ಕಟ ಅಂತ ಒಂದೇ ಸಮ, ಜೊತೆಗೆ ಲಯ ಹಿಡಿಯುವ ಯಂತ್ರದ ಟಿಕ್ ಟಿಕ್. ಬಾಗಿಲು ಅರ್ಧ ತೆರೆದಿತ್ತು. ಇಣುಕಿದೆ. ಬ್ಯಾಂಡ್‌ಸೆಟ್ಟಿಗೆ ಸೇರುವ, ಶಾಲೆಗೆ ಹೋಗುವ ಮುಂಚೆ ಕಲಿಯಲು ಬಂದ ಹತ್ತು ಹನ್ನೊಂದು ವರ್ಷದ ಮಕ್ಕಳು ಸಾಲಾಗಿ ಕೂತಿದ್ದಾರೆ, ಎದುರಿಗೆ ಡ್ರಮ್ಮಿನ ಬದಲು ಬಾರಿಸಿ ಕಲಿಯುವ ರಬ್ಬರಿನ ಹಲಗೆ. ಆ ಸಾಲಿನ ಕೊನೆಯಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಪುಟ್ಟ ಕುರ್ಚಿಯಲ್ಲಿ ಮುದುರಿ ಕೂತು, ನಾಲಗೆ ಕಚ್ಚಿಕೊಂಡು, "ಒಂದು ಎರಡು ಮೂರು ನಾಲ್ಕು" ಎಂದು ಬಾಯಲ್ಲೇ ಎಣಿಸುತ್ತಿರುವವನು ನಮ್ಮ ಟೋಬಿ.

ಮಂಗಳವಾರ ಅಜ್ಜಿಯನ್ನು ನೋಡಲು ಆಸ್ಪತ್ರೆಗೆ ಹೋಗುತ್ತೇನೆ ಅನ್ನುತ್ತಿದ್ದ. ಅವನ ಅಜ್ಜಿಗೆ ನಾನು ಹೂವು ಬೇರೆ ಕಳಿಸಿದ್ದೆ.

ನನ್ನನ್ನು ನೋಡಿ ಅವನ ಕೈಯಿಂದ ಕೋಲು ಜಾರಿತು. ಮೇಷ್ಟ್ರು, "ಟೋಬಿ, ಗಮನ ಎಲ್ಲಿದೆ?" ಅಂದರು. ಮಕ್ಕಳೆಲ್ಲ ಕಿಸಕ್ಕೆಂದರು. ಟೋಬಿ ಹೊರಗೆ ಬಂದು ಬಾಗಿಲು ಮುಚ್ಚಿ, "ನೀನಿಲ್ಲೇನ್ ಮಾಡ್ತಿದೀಯ?" ಅಂದ.

"ನಿನ್ನಜ್ಜಿ ಹೇಗಿದಾರೆ?" ಅಂದೆ.

"ಇಲ್ಲಿ ಲಾಂಡ್ರಿ ಎಲ್ಲಿದೆ?" ಅಂದ.

ಅಷ್ಟು ಹೊತ್ತಿಗೆ ಮಿಸೆಸ್ ನೆಸ್ ಬಂದು, "ಡಾರ್ಸಿ, ಮಲ್ಕೋ ಬಾ, ಪುಸ್ತಕ ತೆಗ್ದಿಟ್ಟಿದೀನಿ" ಅಂದಳು. ಇನ್ನೇನು ಉಳಿಯಿತು? ಮೆಟ್ಟಿಲ ಮೇಲೆ ಕೂತುಬಿಟ್ಟೆವು. ಅವನು ಮುಖ ಕೆಂಪಗೆ ಮಾಡಿಕೊಂಡು ಹೇಳಿದ: ಕ್ರಿಸ್ಮಸ್ಸಿಗೆ ಮೊದಲು ನುಡಿಸಿದ್ದನ್ನು ಟೇಪಿನಲ್ಲಿ ಕೇಳಿದಾಗ ಹಾಡು ಹಾಡಿಗೂ ತಾನು ಲಯ ಬಿಟ್ಟು ಮುಂದೆ ಓಡುತ್ತಿರುವುದು ಗೊತ್ತಾಯಿತಂತೆ. ನನ್ನ ದನಿ ಕೆಟ್ಟಿದ್ದೇ ಅವನಿಗೆ ಸಮಯ ಸಿಕ್ಕ ಹಾಗಾಯಿತಂತೆ. ಸ್ಟ್ಯಾನ್‌ನ ಕೈಕಾಲು ಹಿಡಿದು ಡ್ರಮ್ಮನ್ನೆಲ್ಲ ಹೊಸದಾಗಿ ಮತ್ತೆ ನುಡಿಸಿ ಬಂದಿದ್ದಾನೆ, ಗುಟ್ಟಾಗಿ. ಸ್ಟ್ಯಾನ್ ಕೂಡ ಬಾಯಿ ಬಿಟ್ಟಿರಲಿಲ್ಲ.

"ಗ್ಲೆನ್‌ಗೆ ಮಾತ್ರ ಹೇಳ್ಬೇಡ ಕಣೇ," ಅಂದ. "ಅವ್ನು ನಿಜವಾದವ್ನು. ಒಂದು ಪಾಠನೂ ಕಲಿತವ್ನಲ್ಲ. ನಮ್ಮಿಬ್ರನ್ನೂ ಬಿಟ್ಟು ಹೋಗ್ತಾನೆ."

ಸಂಜೆ ಮನೆಗೆ ಬಂದರೆ ಗ್ಲೆನ್ ಅನ್ನ ಬೇಯಿಸುತ್ತಿದ್ದ. ನಾವಿಬ್ಬರೂ ಒಟ್ಟಿಗೆ ಒಳಗೆ ಬಂದದ್ದು ನೋಡಿ ಟೋಬಿಯ ಚೀಲದಿಂದ ಇಣುಕುತ್ತಿದ್ದ ರಬ್ಬರ್ ಹಲಗೆಯ ಕಡೆ ಕಣ್ಣು ಹಾಯಿಸಿದ. ಟೋಬಿಗೆ ತಡೆಯಲಾಗಲಿಲ್ಲ, ಎಲ್ಲ ಕಕ್ಕಿದ. ನನ್ನದನ್ನೂ ಸೇರಿಸಿ ಕಕ್ಕಿದ. ಗ್ಲೆನ್ ಒಲೆ ಆರಿಸಿದ. ಪಾತ್ರೆಗೆ ಮುಚ್ಚಳ ಮುಚ್ಚಿದ. ಬ್ಯಾಂಡು ಮುಗಿಯಿತು ಅಂದುಕೊಂಡೆ ಅಮ್ಮ.

"ನಾನು ಐದನೇ ವರ್ಷದಿಂದ ಹದಿನೆಂಟರವರೆಗೂ ಪಿಯಾನೋ ಕಲ್ತಿದೀನಿ," ಅಂದ. "ರಾಜ್ಯಕ್ಕೇ ಎರಡನೇ ಬಹುಮಾನ. ನಮ್ಮಮ್ಮ ಕಪ್ಪು ಸೂಟ್ ಹಾಕಿಸಿ ತೆಗ್ಸಿದ ಫೋಟೋ ಇದೆ."

ಟೋಬಿ ಕೈಯಲ್ಲಿದ್ದ ಚೀಲ ಕೆಳಗಿಟ್ಟ.

"ಹಾಗಾದ್ರೆ ಮೂರನೇ ಹಾಡಲ್ಲಿ ಪ್ರತಿ ಸಲ ತಪ್ತೀಯಲ್ಲ?" ಅಂತ ಟೋಬಿ ಕೇಳಿದ.

"ಅದು ಬೇಕಂತ್ಲೇ. ತಪ್ಪದೆ ನುಡಿಸಿದ್ರೆ ನೀವು ನನ್ನ ಮೇಷ್ಟ್ರೇ ಅಂತೀರ ಅಂತ. ಒಂದೇ ತಪ್ಪನ್ನ ಒಂದೇ ಜಾಗ್ದಲ್ಲಿ ನುಡಿಸೋದು ಎಷ್ಟು ಕಷ್ಟ ಗೊತ್ತಾ?"

ಟೋಬಿ ನೆಲದ ಮೇಲೆ ಉರುಳಾಡಿ ನಕ್ಕ. ನಾನೂ ನಕ್ಕೆ. ಮೂರು ತಿಂಗಳಲ್ಲಿ ಮೊದಲ ಸಲ ನಕ್ಕದ್ದು, ಹೊಟ್ಟೆಯಿಂದ. ಗಂಟಲು ಒಂಚೂರೂ ನೋಯಲಿಲ್ಲ. ಎದೆಯ ಮೇಲಿಂದ ಯಾರೋ ಎದ್ದು ಹೋದ ಹಾಗಾಯಿತು. ಮೂವರೂ ಒಬ್ಬರಿಗೊಬ್ಬರು ಹೆದರಿ ಇಷ್ಟು ದಿನ ಕದ್ದು ಬದುಕಿದೆವಲ್ಲ, ಎಂಥ ಬೆಪ್ಪುಗಳು ನಾವು.

ಸೋಮವಾರದಿಂದ ಹಾಡುತ್ತೇನೆ. ಸಾಧ್ಯವಾದರೆ.

ನಿನ್ನ,
ಡಾರ್ಸಿ

ತಾ.ಕ.: ಟೋಬಿ ಇನ್ನೂ ಬಟ್ಟೆ ಕೊಡುತ್ತಿದ್ದಾನೆ. ಅಭ್ಯಾಸವಾಗಿಬಿಟ್ಟಿದೆಯಂತೆ.


ಸಿಯಾಟಲ್
ಏಪ್ರಿಲ್ 28

ಅಮ್ಮಾ,

ಮುಗಿಯಿತು. ಬೆಳಿಗ್ಗೆ ಬೆಳಿಗ್ಗೆ ಹೋಗಿ ಎಲ್ಲ ಹಾಡನ್ನೂ ಹಾಡಿದೆ. ಆ ಕೊನೆಯ ಕಿರುಚನ್ನು ಒಂದೇ ಸಲ ಕಿರುಚಿದೆ. ಮಿಸೆಸ್ ನೆಸ್ ಹೇಳಿದ ಹಾಗೆ ಕಾಲು ಅಗಲಿಸಿ ನಿಂತು, ಹೊಟ್ಟೆಯಿಂದ. ಸ್ಟ್ಯಾನ್ ಕಿವಿಯಿಂದ ಹೆಡ್‌ಫೋನು ಕಿತ್ತು ಮೇಜಿನ ಮೇಲಿಟ್ಟ. ಆಮೇಲೆ, "ತುಂಬಾ ಚೆನ್ನಾಗಿ ಬಂತು. ಸ್ವಲ್ಪ ಕೆಡಿಸೋಣ್ವಾ?" ಅಂತ ಕೇಳಿದ. ಮೂವರೂ ಒಟ್ಟಿಗೆ "ಬೇಡ" ಅಂದೆವು.

ಆಲ್ಬಮ್ಮಿನ ಹೆಸರು 'ಉಪ್ಪುನೀರು'. ನಾವು ಇಟ್ಟದ್ದಲ್ಲ. ನಾನು ಮುಕ್ಕಳಿಸುವ ಬಾಟಲಿಯಿಂದ ಯಾರೂ ಕುಡಿಯಬಾರದೆಂದು ಟೋಬಿ ಅದರ ಮೇಲೆ ಪಟ್ಟಿ ಬರೆದು ಅಂಟಿಸಿದ್ದ. ಆ ಪಟ್ಟಿ ಕಳಚಿ ಟೇಪಿನ ಡಬ್ಬಿಗೆ ಅಂಟಿಕೊಂಡಿತು. ಕಂಪನಿಯವರು ಅದೇ ಹೆಸರೆಂದುಕೊಂಡು, "ಆಹಾ, ಎಂಥ ಅರ್ಥ!" ಅಂದರು. ನಾವು ಗಂಭೀರವಾಗಿ ತಲೆಯಾಡಿಸಿದೆವು.

ಭಾನುವಾರ ಫೋನ್ ಮಾಡುತ್ತೇನೆ. ಸಣ್ಣ ದನಿಯಲ್ಲಿ ಮಾತ್ರ. ಡಾಕ್ಟರು ದಿನಕ್ಕೆ ಇಷ್ಟೇ ಮಾತು ಅಂತ ಕಟ್ಟಿಹಾಕಿದ್ದಾರೆ. ಬರೀ ಮಾತಿಗೆ ದನಿಯನ್ನು ಖರ್ಚು ಮಾಡಲು ಹೆದರಿಕೆ.

ಡಾರ್ಸಿ


ಸೌತ್ ಬೆಂಡ್
ಅಕ್ಟೋಬರ್ 21

ಡಾರ್ಸಿ,

ನಮ್ಮ ಕೆಲಸದ ಶೆಡ್ಡಿನ ರೇಡಿಯೋ ನಿನಗೆ ಗೊತ್ತಲ್ಲ. ಕುದುರೆ, ವಿಸ್ಕಿ, ಓಡಿಹೋದ ಹೆಂಡತಿ, ಇಷ್ಟು ಬಿಟ್ಟು ಅದರಲ್ಲಿ ಬೇರೆ ಹಾಡು ಬರುವುದಿಲ್ಲ. ಇವತ್ತು ಯಾರೋ ಸ್ಟೇಷನ್ ತಿರುಗಿಸಿದ್ದರು. ಗಿಟಾರು ಗೊರಗೊರ ಅನ್ನುತ್ತಿತ್ತು. ಆಮೇಲೆ ಒಂದು ಕಿರುಚು. ಓಪಲ್ ಚಾಕು ಹಿಡಿದೇ ತಲೆ ಎತ್ತಿ, "ಅಯ್ಯೋ, ಯಾವ್ದೋ ಹೆಂಗ್ಸಿನ ಕೈ ಬಾಗಿಲಿಗೆ ಸಿಕ್ಕೊಂಡಿದೆ" ಅಂದಳು.

"ಅದು ನನ್ ಮಗಳು," ಅಂದೆ.

ಅಷ್ಟೂ ಜನರ ಚಾಕು ನಿಂತಿತು. ಓಪಲ್ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, "ಹಾಗಿದ್ರೆ ಜೋರು ಮಾಡ್ರೇ, ಏನ್ ನೋಡ್ತಿದೀರ" ಅಂದಳು. ಹಾಡು ಮುಗಿಯುವವರೆಗೆ ಯಾರೂ ಸಿಂಪಿ ಬಿಡಿಸಲಿಲ್ಲ. ಮೇಸ್ತ್ರಿ ಬಂದ. ಅವನೂ ನಿಂತ.

ಹಾಡು ನನಗೆ ಈಗಲೂ ಇಷ್ಟವಾಗಲಿಲ್ಲ. ಆದರೆ ಆ ದನಿ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು, ಉಳಿದವರಿಗೆ ಗೊತ್ತಿರಲಿಲ್ಲ. ಹೆಮ್ಮೆ ಅನ್ನುವುದು ಅದಕ್ಕೇ ಇರಬೇಕು. ಮನೆಗೆ ಬರುವ ದಾರಿಯಲ್ಲಿ ಯಾರೂ ಇಲ್ಲದಿದ್ದಾಗ ಸ್ವಲ್ಪ ಗಟ್ಟಿಯಾಗಿಯೇ ನಕ್ಕೆ.

ಹಾಡಲು ಎಷ್ಟು ಊರಿಗೆ ಹೋಗುತ್ತೀರಿ? ಗಂಟಲಿಗೆ ಯಾವ ದಿನ ರಜೆ? ಕಂಪನಿಯವರು ಅದನ್ನು ಕೇಳುವುದಿಲ್ಲ, ನಾನು ಕೇಳುತ್ತಿದ್ದೇನೆ.

ಅಮ್ಮ


ಮಿನಿಯಾಪೊಲಿಸ್
ಡಿಸೆಂಬರ್ 3

ಅಮ್ಮಾ,

ಎಲ್ಲರೂ ನಮ್ಮ ಹೆಸರು ಹೇಳುತ್ತಿದ್ದಾರೆ. ಹೋದ ವರ್ಷ ನಲವತ್ತು ಜನರ ಮುಂದೆ ಹಾಡುತ್ತಿದ್ದ ನಾವು ಈಗ ವೇದಿಕೆಗೆ ಹೋದರೆ ಕೊನೆಯ ಸಾಲು ಕಾಣಿಸುವುದಿಲ್ಲ. ನ್ಯೂಯಾರ್ಕಿನ ದೊಡ್ಡ ಕಂಪನಿಯೊಂದು ನಮ್ಮ ಸಣ್ಣ ಕಂಪನಿಯಿಂದ ಆಲ್ಬಮ್ಮನ್ನು ಕೊಂಡುಕೊಂಡು ದೇಶಕ್ಕೆಲ್ಲ ಹಂಚುತ್ತಿದೆ. ಅಂಗಡಿಗಳಲ್ಲಿ ಮುಗಿಯುತ್ತದೆ, ಮತ್ತೆ ಪ್ರತಿಗಳನ್ನು ಮಾಡಿಸುತ್ತಾರೆ, ಮತ್ತೆ ಮುಗಿಯುತ್ತದೆ.

ಒಂದು ಪತ್ರಿಕೆಯವನು ನನ್ನ ಬಗ್ಗೆ, "ಯಾವ ಗುರುವಿನ ಕೈಗೂ ಸಿಗದ, ಪಳಗದ ಕಾಡುದನಿ" ಅಂತ ಬರೆದ. ಅದನ್ನು ಮಿಸೆಸ್ ನೆಸ್‌ಗೆ ಫೋನಿನಲ್ಲಿ ಓದಿ ಹೇಳಿದೆ, ಕ್ಷಮಿಸು ಅಂತ. ಅವಳು ನಕ್ಕಿದ್ದೇ ನಕ್ಕಿದ್ದು. "ನಾನು ಕಲ್ಸಿದ್ದು ಅವ್ನಿಗೆ ಕಾಣ್ಲಿಲ್ಲ ಅಂದ್ರೆ ಸರಿಯಾಗೇ ಕಲ್ಸಿದೀನಿ. ಮಲ್ಕೊಂಡು ಉಸಿರಾಟ ಮಾಡ್ತಿದೀಯೋ ಇಲ್ವೋ, ಅದನ್ ಹೇಳು" ಅಂದಳು. ಮಾಡುತ್ತಿದ್ದೇನೆ. ಹೋಟೆಲು ಹೋಟೆಲಿನ ನೆಲದ ಮೇಲೆ, ಫೋನ್ ನಂಬರಿನ ದಪ್ಪ ಪುಸ್ತಕ ಹೊಟ್ಟೆಯ ಮೇಲೆ ಇಟ್ಟುಕೊಂಡು. ಈಗ ಟೋಬಿ, ಗ್ಲೆನ್ ಇಬ್ಬರೂ ಪಕ್ಕದಲ್ಲಿ ಮಲಗಿ ಮಾಡುತ್ತಾರೆ. ಕೋಣೆ ಗುಡಿಸಲು ಬಂದವಳು ನೋಡಿ ಬಾಗಿಲು ಹಾಕಿಕೊಂಡು ಹೋದಳು.

ಡಾರ್ಸಿ


ಕ್ಲೀವ್‌ಲ್ಯಾಂಡ್
ಫೆಬ್ರವರಿ 11, 1992

ಅಮ್ಮಾ,

ಇದನ್ನು ಬರೆಯಬೇಕೋ ಬೇಡವೋ ಎಂದು ರಾತ್ರಿಯೆಲ್ಲ ಎದ್ದೇ ಇದ್ದೆ.

ನಿನ್ನೆ ಕೊನೆಯ ಹಾಡಿನಲ್ಲಿ ದನಿ ಹಿಡಿದುಕೊಂಡಿತು. ಹೋದ ವರ್ಷದ ಹಾಗೇ, ಒಂದು ಕ್ಷಣ ಬರೀ ಗಾಳಿ. ಜನರಿಗೆ ಗೊತ್ತಾಗಲಿಲ್ಲ, ಅದೂ ಹಾಡೇ ಅಂದುಕೊಂಡರು. ಗ್ಲೆನ್‌ಗೆ ಗೊತ್ತಾಯಿತು. ವೇದಿಕೆಯಿಂದ ಇಳಿಯುವಾಗ ಏನೂ ಕೇಳದೆ ನನ್ನ ಕೈ ಹಿಡಿದುಕೊಂಡ. ಉಳಿದ ಊರುಗಳನ್ನು ರದ್ದು ಮಾಡು ಅಂತ ಕಂಪನಿಗೆ ಹೇಳಿದವನು ಅವನೇ. ಅವರು ಕೂಗಾಡಿದರು. ಯುರೋಪು ಕಾಯುತ್ತಿದೆ, ಇಂಥ ಹೊತ್ತು ಮತ್ತೆ ಬರುವುದಿಲ್ಲ ಅಂದರು. "ಇಂಥ ಗಂಟಲೂ ಬರಲ್ಲ" ಅಂತ ಹೇಳಿ ಫೋನ್ ಇಟ್ಟ.

ಮತ್ತೆ ಮಾತು ನಿಲ್ಲಿಸಿದ್ದೇನೆ. ಮಾರ್ಚಿನ ಮೊದಲ ವಾರ ಡಾಕ್ಟರು ಕನ್ನಡಿ ಇಳಿಸುತ್ತಾರೆ. ಗಂಟು ಮತ್ತೆ ಬಂದಿದ್ದರೆ ಚಾಕು. ಇಷ್ಟೆಲ್ಲ ಆದಮೇಲೆ ಅಮ್ಮ, ಆಲ್ಬಮ್ಮಿನಲ್ಲಿ ಇರುವ ಆ ಹುಡುಗಿಯ ದನಿಯನ್ನು ನಾನೂ ಎಲ್ಲರ ಹಾಗೆ ರೇಡಿಯೋದಲ್ಲಿ ಕೇಳಿಕೊಂಡು ಕೂರಬೇಕಾಗುತ್ತದೋ ಏನೋ.

ನೀನು ಉತ್ತರ ಬರೆಯಬೇಡ. ಅಲ್ಲಿಯವರೆಗೆ ಏನೂ ಕೇಳಿಸಿಕೊಳ್ಳುವ ಧೈರ್ಯ ಇಲ್ಲ.

ಡಾರ್ಸಿ


ಸೌತ್ ಬೆಂಡ್
ಮಾರ್ಚ್ 8

ಡಾರ್ಸಿ,

ಬರೆಯಬೇಡ ಅಂದೆ ನೀನು, ನಾನು ಬರೆಯಲಿಲ್ಲ. ಈ ಇಪ್ಪತ್ತೈದು ವರ್ಷದಲ್ಲಿ ನಾನು ನಿನ್ನ ಮಾತು ಕೇಳಿದ್ದು ಅದೊಂದೇ ಸಲ. ಎಷ್ಟು ಕಷ್ಟವಾಯಿತೆಂದು ಓಪಲ್‌ನ ಕೇಳು.

ಈಗ ತಾನೇ ನಿನ್ನ ಮೇಲೆ ಫೋನ್ ಕುಕ್ಕಿ ಬಂದು ಕೂತಿದ್ದೇನೆ. ಕೋಪ ಇನ್ನೂ ಇಳಿದಿಲ್ಲ. ಏನೆಂದುಕೊಂಡಿದ್ದೀಯ ನೀನು? "ಡಾಕ್ಟ್ರು ನೋಡಿದ್ರು, ಏನೂ ಇಲ್ಲ, ಬರೀ ದಣಿವು, ಹೋಗಿ ಅಂದ್ರು" ಎಂದು ಒಂದೇ ಉಸಿರಿಗೆ ಹೇಳಿ, ನಾನು ಅಳಲು ಬಾಯಿ ತೆರೆಯುವ ಮೊದಲೇ, ಕೆಲಸ ಬಿಟ್ಟುಬಿಡು ಅಂತ ಶುರುಮಾಡಿದೆ. ನಿನ್ನ ಆಲ್ಬಮ್ಮು ಗೆದ್ದಿತೆಂದು ನಾನು ಯಾಕೆ ಸಿಂಪಿ ಬಿಡಿಸುವುದನ್ನು ಬಿಡಬೇಕು? ಮನೆಯಲ್ಲಿ ಕೂತು ಏನು ಮಾಡಲಿ, ನಿಮ್ಮಪ್ಪನ ಜೊತೆ ಹರಟಲೇ? "ನಿನ್ ಕೈ ನೋಡ್ಕೊಂಡಿದೀಯಾ?" ಅಂದೆ ನೀನು. ನನ್ನ ಕೈ, ನನಗೆ ಗೊತ್ತು. "ನಿನಗೆ ಹೇಳೋದೇ ದಂಡ" ಅಂದೆ ನೀನು. "ನಿನ್ಗೇನ್ ಕಡ್ಮೆ ಹೇಳಿದ್ನಾ ನಾನು?" ಅಂದೆ ನಾನು. ಆಮೇಲೆ ನೀನು ಕಿರುಚಿದೆ. ನಾನೂ ಕಿರುಚಿದೆ. ಪೈ ವಿಷಯವೂ ಬಂತು, ಹೇಗೋ ಏನೋ.

ಒಂದು ವಿಷಯ ಫೋನಿನಲ್ಲಿ ಹೇಳಲಿಲ್ಲ. ಒಂದು ವರ್ಷದಿಂದ ನೀನು ಅಳೆದು ತೂಗಿ ಆಡುವ ಸಣ್ಣ ದನಿಗೆ ನಾನು ರಿಸೀವರನ್ನು ಕಿವಿ ನೋಯುವಷ್ಟು ಒತ್ತಿ ಹಿಡಿಯುತ್ತಿದ್ದೆ. ಇವತ್ತು ತೋಳು ಚಾಚಿ ದೂರ ಹಿಡಿಯಬೇಕಾಯಿತು. ಹಾಗೆ ಹಿಡಿದುಕೊಂಡೇ ನಿಂತಿದ್ದೆ, ನೀನು ಬೈಯುತ್ತಲೇ ಇದ್ದೆ. ದನಿ ಎಲ್ಲೂ ಒಡೆಯಲಿಲ್ಲ. ಕುಕ್ಕಿದ್ದು ಕೋಪಕ್ಕಲ್ಲ ಮಗಳೇ, ನಾನು ಅಳುವುದು ನಿನಗೆ ಕೇಳಿಸಬಾರದು ಅಂತ.

ಭಾನುವಾರ ಫೋನ್ ಮಾಡು. ಜಗಳ ಇನ್ನೂ ಮುಗಿದಿಲ್ಲ.

ಅಮ್ಮ